ಮೈಯೆಲ್ಲ ಸೇರಿ ಬೀಜ ಕಟ್ಟುತ್ತದೆಯೇ? ಡಾರ್ವಿನ್‌ನ ಪ್ಯಾನ್‌ಜೆನೆಸಿಸ್ ಬಿದ್ದುಹೋದ ಬಗೆ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಡಾರ್ವಿನ್‌ನ ಪ್ಯಾನ್‌ಜೆನೆಸಿಸ್ ಬಗ್ಗೆ ನನ್ನ ಬಳಿ ಇರುವ ಪುಸ್ತಕಗಳಲ್ಲಿ ಸಿಗುವುದು ಎರಡೇ ಸಾಲು. ದೇಹದ ಪ್ರತಿ ಅಂಗದಿಂದ ಕಣಗಳು ಹೊರಟು ಸಂತಾನಕ್ಕೆ ಹೋಗುತ್ತವೆ ಎಂದು ಆತ ನಂಬಿದ್ದ. ವೈಸ್‌ಮನ್ ಇಲಿಗಳ ಬಾಲ ಕತ್ತರಿಸಿ ಅದನ್ನು ಸುಳ್ಳೆಂದು ತೋರಿಸಿದ. ಅಷ್ಟು ದೊಡ್ಡ ವಿಜ್ಞಾನಿ ಇಂಥ ಮಾತನ್ನು ಏಕೆ ಹೇಳಿದ? ಬಾಲ ಕತ್ತರಿಸಿದ್ದರಿಂದಲೇ ಅದು ಬಿತ್ತೇ? ಎಪಿಜೆನೆಟಿಕ್ಸ್ (ಡಿಎನ್‌ಎ ಅಕ್ಷರಗಳು ಬದಲಾಗದೆ ಜೀನ್‌ಗಳ ಕೆಲಸ ಬದಲಾಗುವುದರ ಅಧ್ಯಯನ) ಬಂದ ಮೇಲೆ ಡಾರ್ವಿನ್ ಹೇಳಿದ್ದೇ ಸರಿಯಾಯಿತು ಎಂದು ವಿದ್ಯಾರ್ಥಿಗಳು ವಿಡಿಯೊ ತೋರಿಸುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಬಾಲದ ವಿಷಯ ಮುಗಿಸಿಬಿಡೋಣ. ಪಾಠಗಳಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ಅದೇ.

1880ರ ದಶಕದ ಕೊನೆಯಲ್ಲಿ ಆಗಸ್ಟ್ ವೈಸ್‌ಮನ್ ಬಿಳಿ ಇಲಿಗಳ ಬಾಲ ಕತ್ತರಿಸಿ, ಅವುಗಳಿಂದ ಮರಿ ಮಾಡಿಸಿ, ಆ ಮರಿಗಳ ಬಾಲವನ್ನೂ ಕತ್ತರಿಸುತ್ತ ಹೋದ. ಹೀಗೆ ಐದು ತಲೆಮಾರುಗಳಲ್ಲಿ ಹುಟ್ಟಿದ ಮರಿಗಳು 901. ಅವುಗಳಲ್ಲಿ ಒಂದೂ ಮೊಂಡು ಬಾಲದ್ದಾಗಿರಲಿಲ್ಲ. ನಾಯಿಯ ಬಾಲ ಕತ್ತರಿಸಿದ ಮೇಲೆ ಬಾಲವಿಲ್ಲದ ಮರಿ ಹುಟ್ಟಿತು ಎಂಬಂಥ ಕಥೆಗಳು ಆಗ ಜರ್ಮನಿಯ ವೈಜ್ಞಾನಿಕ ಸಭೆಗಳಲ್ಲೂ ಓಡಾಡುತ್ತಿದ್ದವು. ವೈಸ್‌ಮನ್ ಉತ್ತರ ಕೊಟ್ಟಿದ್ದು ಆ ಕಥೆಗಳಿಗೆ. ಪ್ಯಾನ್‌ಜೆನೆಸಿಸ್‌ಗೆ ಈ ಪ್ರಯೋಗದಿಂದ ಗೀರೂ ಬೀಳುವುದಿಲ್ಲ. ಕತ್ತರಿಸಿದ ಅಂಗ ಮಗುವಿನಲ್ಲಿ ಮತ್ತೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಡಾರ್ವಿನ್ 1868ರಲ್ಲೇ ಉತ್ತರ ಬರೆದಿಟ್ಟಿದ್ದ. ಅಜ್ಜ, ಮುತ್ತಜ್ಜರ ಬಾಲದ ಕಣಗಳು ದೇಹದೊಳಗೆ ಹಾಗೇ ಉಳಿದು, ಹೆಚ್ಚಿಕೊಳ್ಳುತ್ತ, ಮುಂದಿನ ತಲೆಮಾರಿಗೆ ದಾಟುತ್ತವೆ; ಹಾಗಾಗಿ ಬಾಲ ಕತ್ತರಿಸಿದರೂ ಬಾಲದ ಕಣಗಳಿಗೆ ಬರವಿಲ್ಲ, ಎನ್ನುತ್ತಿತ್ತು ಆ ಉತ್ತರ. ಐದು ತಲೆಮಾರಲ್ಲ, ಐವತ್ತು ತಲೆಮಾರು ಕತ್ತರಿಸಿದರೂ ಅದನ್ನು ಅಲುಗಿಸಲಾಗದು. ಈ ಹೈಪಾಥಿಸಿಸ್‌ನ (ಪರೀಕ್ಷೆಗೆ ಕಾದಿರುವ ಊಹೆಯ) ನಿಜವಾದ ದೋಷವೂ ಇಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಡಾರ್ವಿನ್ ಹೇಳಿದ್ದೇನು ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು. ಸಾಕುಪ್ರಾಣಿ ಮತ್ತು ಬೆಳೆಗಳಲ್ಲಿನ ವೈವಿಧ್ಯದ ಬಗ್ಗೆ ಆತನ ಎರಡು ಸಂಪುಟಗಳ ಗ್ರಂಥ 1868ರ ಜನವರಿಯಲ್ಲಿ ಬಂತು. ಅದರ 27ನೇ ಅಧ್ಯಾಯದಲ್ಲಿ ಇದು ಇದೆ, ಅದೂ 'ತಾತ್ಕಾಲಿಕ' ಎಂಬ ವಿಶೇಷಣ ಹೊತ್ತು. ದೇಹದ ಪ್ರತಿ ಜೀವಕೋಶ ಅತಿ ಸೂಕ್ಷ್ಮ ಕಣಗಳನ್ನು ಹೊರಚೆಲ್ಲುತ್ತದೆ. ಇವಕ್ಕೆ ಜೆಮ್ಯೂಲ್ ಎಂದು ಹೆಸರಿಟ್ಟ. ತಕ್ಕ ಪೋಷಣೆ ಸಿಕ್ಕರೆ ಅವು ತಾವೇ ಒಡೆದು ಹೆಚ್ಚುತ್ತವೆ. ದೇಹವೆಲ್ಲ ಸುತ್ತಾಡಿ, ಒಂದರ ಕಡೆಗೊಂದು ಸೆಳೆದುಕೊಂಡು, ಅಂಡದಲ್ಲೋ ವೀರ್ಯದಲ್ಲೋ ಪರಾಗದಲ್ಲೋ ಮೊಗ್ಗಿನಲ್ಲೋ ಕೂಡಿಕೊಳ್ಳುತ್ತವೆ. ಹೊಸ ಜೀವಿ ಬೆಳೆಯುವಾಗ ಪ್ರತಿ ಜೆಮ್ಯೂಲ್ ಕ್ರಮದಲ್ಲಿ ತನಗಿಂತ ಮುಂಚೆ ಬರಬೇಕಾದ ಕೋಶದ ಜೊತೆ ಸೇರಿ, ತಾನು ಯಾವ ಬಗೆಯ ಕೋಶದಿಂದ ಹೊರಟಿತ್ತೋ ಅದೇ ಬಗೆಯ ಕೋಶವಾಗಿ ಬೆಳೆಯುತ್ತದೆ. ಕೆಲವು ಕಣಗಳು ಹಲವು ತಲೆಮಾರು ಸುಮ್ಮನಿದ್ದು ಆಮೇಲೆ ಎಚ್ಚರಗೊಳ್ಳುವುದೂ ಉಂಟು.

ಹೀಗೆ ನೋಡಿದರೆ ಅಂಡಾಣು ಒಂದು ಸಂತೆ ಇದ್ದಂತೆ. ಊರೂರಿಂದ ಬಂದವರೆಲ್ಲ ಅಲ್ಲಿ ಸೇರುತ್ತಾರೆ, ಸಂತೆಗೆ ತನ್ನದೆಂಬ ಸರಕು ಇರುವುದಿಲ್ಲ. ಅನುವಂಶೀಯತೆ ಮೈಯಿಂದ ಬೀಜಕ್ಕೆ ಹರಿಯುತ್ತದೆ. ಇಂದು ನಾವು ಪಾಠ ಮಾಡುವುದು ತದ್ವಿರುದ್ಧ: ಬೀಜದಿಂದ ಮೈ, ಬೀಜದಿಂದಲೇ ಮುಂದಿನ ಬೀಜ. ವಿದ್ಯಾರ್ಥಿಗಳಿಗೆ ಒಂದೇ ಚಿತ್ರ ಬರೆದು ತೋರಿಸುವುದಿದ್ದರೆ ಈ ಎರಡು ಬಾಣಗಳನ್ನು ಅಕ್ಕಪಕ್ಕ ಬರೆಯಿರಿ.

ಈ ಯೋಚನೆ ಡಾರ್ವಿನ್‌ನ ಸ್ವಂತದ್ದೂ ಅಲ್ಲ. ಮೈಯ ಎಲ್ಲ ಭಾಗಗಳಿಂದ ಬೀಜ ಬರುತ್ತದೆ ಎಂಬ ಮಾತು ಗ್ರೀಸಿನ ಹಿಪಾಕ್ರಟಿಸ್ ಪರಂಪರೆಯ ಬರಹಗಳಲ್ಲಿದೆ. ಅರಿಸ್ಟಾಟಲ್ ಅದನ್ನು ಅಂದೇ ಚೆನ್ನಾಗಿ ಪ್ರಶ್ನಿಸಿದ್ದ: ಅಂಗ ಕಳೆದುಕೊಂಡವರಿಗೆ ಪೂರ್ಣಾಂಗದ ಮಕ್ಕಳು ಹುಟ್ಟುತ್ತಾರಲ್ಲ? ಗಡ್ಡ, ನರೆಗೂದಲು ಬರುವ ಮೊದಲೇ ತಂದೆಯಾದವನ ಮಗನಿಗೆ ಮುಂದೆ ಅವೆಲ್ಲ ಎಲ್ಲಿಂದ ಬರುತ್ತವೆ? ಡಾರ್ವಿನ್ 1865ರಲ್ಲಿ ಹಸ್ತಪ್ರತಿಯನ್ನು ಗೆಳೆಯ, ಜೀವವಿಜ್ಞಾನಿ ಹಕ್ಸ್‌ಲಿಗೆ ಕಳಿಸಿದಾಗ, ಇದು ಫ್ರಾನ್ಸಿನ ಬ್ಯುಫಾನ್ ಮತ್ತು ಜಿನೀವಾದ ಬೊನೆ ಹೇಳಿದ್ದಕ್ಕೆ ಹತ್ತಿರವಾಗಿದೆ ಎಂದು ಹಕ್ಸ್‌ಲಿ ಎಚ್ಚರಿಸಿದ. ಆದರೂ ಡಾರ್ವಿನ್ ಕೈಬಿಡಲಿಲ್ಲ. ಆತನಿಗೆ ಅದು ಬೇಕಾಗಿತ್ತು.

ಏಕೆ ಬೇಕಾಗಿತ್ತು? ಎರಡು ಕಾರಣಗಳಿವೆ. ಮೊದಲನೆಯದು, ಆತನ ಮೇಜಿನ ಮೇಲೆ ರಾಶಿ ಬಿದ್ದಿದ್ದ ವಿಚಿತ್ರ ಸಂಗತಿಗಳು. ಸಾಲಮಾಂಡರ್‌ನ ಕಾಲು ಕತ್ತರಿಸಿದರೆ ಮತ್ತೆ ಕಾಲೇ ಬೆಳೆಯುತ್ತದೆ. ಪಾರಿವಾಳದ ಎರಡು ತಳಿ ಬೆರೆಸಿದರೆ ಇದ್ದಕ್ಕಿದ್ದಂತೆ ಮೂಲ ಬಂಡೆಪಾರಿವಾಳದ ನೀಲಿ ಬಣ್ಣ, ಕಪ್ಪು ಪಟ್ಟೆ ಕಾಣಿಸುತ್ತವೆ. ಮುದಿ ಕೋಳಿಗೆ ಹುಂಜದ ಪುಕ್ಕ ಬರುತ್ತದೆ. ಗಿಡದ ಒಂದೇ ಕೊಂಬೆಯಲ್ಲಿ ಬೇರೆ ಥರದ ಹೂ ಬಿಡುತ್ತದೆ. ಬಳಸಿದ ಅಂಗ ಬಲಿಯುತ್ತದೆ, ಬಳಸದ್ದು ಸೊರಗುತ್ತದೆ, ಅದು ಮಕ್ಕಳಿಗೂ ಹೋಗುತ್ತದೆ ಎಂದು ಆಗಿನ ಬಹುಪಾಲು ಜನರಂತೆ ಆತನೂ ನಂಬಿದ್ದ. ಇಷ್ಟಕ್ಕೂ ಒಂದೇ ದಾರದ ಪೋಣಿಕೆ ಬೇಕಿತ್ತು. ಸುಮ್ಮನೆ ಉಳಿಯುವ, ಹೆಚ್ಚಿಕೊಳ್ಳುವ, ಎಲ್ಲಿ ಬೇಕಾದರೂ ಹೋಗುವ ಕಣ ಎಂದರೆ ಎಲ್ಲವೂ ಪೋಣಿಸಿಕೊಂಡು ಬರುತ್ತವೆ.

ಎರಡನೆಯದು ಲೆಕ್ಕದ ತೊಂದರೆ. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರು ಡಾರ್ವಿನ್‌ನ ವಾದವನ್ನು ವಿಮರ್ಶಿಸುತ್ತ ಬಲವಾದ ಪೆಟ್ಟು ಕೊಟ್ಟ. ತಂದೆ ತಾಯಿಯ ಗುಣಗಳು ಹಾಲು ನೀರಿನಂತೆ ಬೆರೆಯುತ್ತವೆ ಎಂದೇ ಆಗ ಎಲ್ಲರ ಎಣಿಕೆ. ಹಾಗಾದರೆ ಒಂದು ಪ್ರಾಣಿಯಲ್ಲಿ ಅಪರೂಪಕ್ಕೆ ಒಳ್ಳೆಯ ಗುಣ ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳಿ. ಅದು ಸಾಮಾನ್ಯ ಜೋಡಿಯೊಡನೆ ಕೂಡಿದರೆ ಮರಿಗಳಲ್ಲಿ ಅರ್ಧ, ಮೊಮ್ಮರಿಗಳಲ್ಲಿ ಕಾಲು, ಹತ್ತನೇ ತಲೆಮಾರಿಗೆ 1024ರಲ್ಲಿ ಒಂದು ಪಾಲು. ನೈಸರ್ಗಿಕ ಆಯ್ಕೆ ಕೈಹಾಕುವ ಹೊತ್ತಿಗೆ ಆಯ್ದುಕೊಳ್ಳಲು ಏನೂ ಉಳಿದಿರುವುದಿಲ್ಲ. ಪ್ರತಿ ತಲೆಮಾರಿನಲ್ಲೂ ವೈವಿಧ್ಯದ ಅರ್ಧ ಭಾಗ ಸೋರಿಹೋಗುವುದಾದರೆ, ಅಷ್ಟೇ ಪ್ರಮಾಣದ ಹೊಸ ವೈವಿಧ್ಯ ಪ್ರತಿ ತಲೆಮಾರಿಗೂ ಹುಟ್ಟುತ್ತಲೇ ಇರಬೇಕು. ಪರಿಸರ, ಆಹಾರ, ಬಳಕೆ ಇವೆಲ್ಲ ಮೈಯನ್ನು ಬದಲಿಸಿ, ಬದಲಾದ ಮೈ ಬದಲಾದ ಜೆಮ್ಯೂಲ್‌ಗಳನ್ನು ಕಳಿಸಿದರೆ ಆ ಹೊಸ ಪೂರೈಕೆ ಸಿಗುತ್ತದೆ. ಜೆಂಕಿನ್‌ನ ವಿಮರ್ಶೆಗೆ ಮುಂಚೆಯೇ ಪ್ಯಾನ್‌ಜೆನೆಸಿಸ್ ಬರೆದಾಗಿತ್ತು, ನಿಜ. ಆದರೆ ಆ ವಿಮರ್ಶೆ ಅದರ ಅಗತ್ಯವನ್ನು ಇನ್ನಷ್ಟು ಹೆಚ್ಚಿಸಿತು.

ಈ ತೊಡಕು ಬಿಡಿಸುವ ಕೀಲಿ ಡಾರ್ವಿನ್‌ನ ತೋಟದಲ್ಲೇ ಇತ್ತು. ನೀವು ತರಗತಿಯಲ್ಲಿ ಇದನ್ನು ಖಂಡಿತ ಹೇಳಬೇಕು. ಚಳಿಗಾಲದ ಹೂಪಾತಿಗಳಲ್ಲಿ ನೆಡುವ ಆಂಟಿರೈನಮ್ (ಸ್ನ್ಯಾಪ್‌ಡ್ರ್ಯಾಗನ್) ನೋಡಿರುತ್ತೀರಿ. ಹೂವಿನ ಎರಡು ಬದಿ ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುತ್ತದೆ, ಮೇಲ್ದುಟಿ ಕೆಳದುಟಿ ಬೇರೆ ಬೇರೆ. ಇದರಲ್ಲೇ ಪೆಲೋರಿಕ್ ಎಂಬ ಬಗೆಯೊಂದಿದೆ. ಅದರ ಹೂವಿಗೆ ತುಟಿಗಳಿಲ್ಲ, ಎಲ್ಲ ಎಸಳೂ ಒಂದೇ ಥರ, ಸುತ್ತಲೂ ಸಮನಾದ ಕೊಳವೆ. ಡಾರ್ವಿನ್ ಇವೆರಡನ್ನೂ ಅಡ್ಡಹಾಯಿಸಿದ. ಮೊದಲ ತಲೆಮಾರಿನ ಸಸಿಗಳು ಎರಡು ದೊಡ್ಡ ಪಾತಿ ತುಂಬ ಬೆಳೆದವು, ಒಂದೂ ಪೆಲೋರಿಕ್ ಅಲ್ಲ. ಅವುಗಳನ್ನು ತಮ್ಮಷ್ಟಕ್ಕೆ ಬೀಜ ಕಟ್ಟಲು ಬಿಟ್ಟು, ಆ ಬೀಜದಿಂದ 127 ಸಸಿ ಎಬ್ಬಿಸಿದ. 88 ಸಾಮಾನ್ಯ, 37 ಪೂರ್ತಿ ಪೆಲೋರಿಕ್, 2 ನಡುವಿನವು.

ಮೆಂಡೆಲ್ ಬ್ರನ್ ಪಟ್ಟಣದಲ್ಲಿ ಬಟಾಣಿ ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದ್ದ ಅಂಕಿಗಳನ್ನು ಇದರ ಪಕ್ಕ ಇಡಿ: ದುಂಡು 5474, ಸುಕ್ಕು 1850. ಎರಡೂ ಕಡೆ ಒಂದೇ ಕಥೆ. ಒಂದು ಗುಣ ಮೊದಲ ತಲೆಮಾರಿನಲ್ಲಿ ಮರೆಯಾಗಿ, ಎರಡನೆಯದರಲ್ಲಿ ಸುಮಾರು ನಾಲ್ಕಕ್ಕೊಂದರಂತೆ, ಚೂರೂ ಮಾಸದೆ ಮರಳುತ್ತದೆ. ಬೆರೆತಿದ್ದರೆ ಮರಳುತ್ತಿರಲಿಲ್ಲ. ಆದರೆ ಡಾರ್ವಿನ್ ಅನುಪಾತ ನೋಡಲಿಲ್ಲ. ಸಾಮಾನ್ಯ ಹೂವಿನ ಪ್ರವೃತ್ತಿ ಮೊದಲ ತಲೆಮಾರಿನಲ್ಲಿ ಗೆದ್ದಿತು, ಪೆಲೋರಿಕ್ ಪ್ರವೃತ್ತಿ ಒಂದು ತಲೆಮಾರು ವಿಶ್ರಮಿಸಿ ಬಲ ಪಡೆದುಕೊಂಡಿತು, ಎಂದು ವಿವರಿಸಿದ. ಪ್ಯಾನ್‌ಜೆನೆಸಿಸ್‌ನ ಅಧ್ಯಾಯ ಇರುವುದೂ ಈ ಎಣಿಕೆ ಇರುವುದೂ ಒಂದೇ ಗ್ರಂಥದಲ್ಲಿ. ಸಾವಿರಾರು ಕಣಗಳ ಜಂಗುಳಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ, ಒಂದು ಗುಣಕ್ಕೆ ಎರಡೇ ಅಂಶ, ಬೀಜಕ್ಕೆ ಹೋಗುವುದು ಅದರಲ್ಲೊಂದು ಎಂಬ ಸರಳ ಲೆಕ್ಕ ಹೊಳೆಯುವುದು ಕಷ್ಟ. ತಪ್ಪು ಹೈಪಾಥಿಸಿಸ್ ಮಾಡುವ ದೊಡ್ಡ ಹಾನಿ ಇದು ಎಂಬುದು ನನ್ನ ಅಭಿಪ್ರಾಯ. ಕಣ್ಣೆದುರಿನ ಅಂಕಿಯನ್ನು ಓದುವ ಬಗೆಯನ್ನೇ ಅದು ಕೆಡಿಸುತ್ತದೆ.

ಪರೀಕ್ಷೆಗೆ ಮೊದಲು ಮುಂದಾದವನು ಡಾರ್ವಿನ್‌ನ ಬಂಧುವೇ ಆದ ಫ್ರಾನ್ಸಿಸ್ ಗಾಲ್ಟನ್. ಆತನ ತರ್ಕ ನೇರ. ಕಣಗಳು ಮೈಯೆಲ್ಲ ಸುತ್ತುತ್ತವೆ ಎಂದಾದರೆ ಅವು ರಕ್ತದಲ್ಲಿರಬೇಕು. ಒಂದು ತಳಿಯ ಮೊಲಕ್ಕೆ ಇನ್ನೊಂದು ತಳಿಯ ರಕ್ತ ತುಂಬಿದರೆ ಮರಿಗಳಲ್ಲಿ ಬೆರಕೆ ಕಾಣಬೇಕು. ಪರೀಕ್ಷೆಗೆ ಸಿಲ್ವರ್ ಗ್ರೇ ಎಂಬ ಶುದ್ಧ ತಳಿಯನ್ನು ಆರಿಸಿಕೊಂಡ, ಅದರಲ್ಲಿ ಬೆರಕೆಯಾದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ರಕ್ತ ಕೊಟ್ಟಿದ್ದು ಬೇರೆ ಬಣ್ಣದ ತಳಿಗಳ ಮೊಲಗಳು.

ಮೊದಲ ಸುತ್ತಿನಲ್ಲಿ ತೆಗೆದ ರಕ್ತವನ್ನು ಕಡ್ಡಿಯಿಂದ ಕಲಕಿ ಫೈಬ್ರಿನ್ ಬೇರ್ಪಡಿಸಿದ. ಹಾಗೆ ಮಾಡದಿದ್ದರೆ ರಕ್ತ ಹೆಪ್ಪುಗಟ್ಟಿ ನಳಿಕೆಯೂ ರಕ್ತನಾಳವೂ ಕಟ್ಟಿಕೊಳ್ಳುತ್ತವೆ. ಆ ರಕ್ತವನ್ನು ಕುತ್ತಿಗೆಯ ರಕ್ತನಾಳದ ಮೂಲಕ ಒಳಬಿಟ್ಟ. ಮರಿಗಳು ಶುದ್ಧವಾಗಿಯೇ ಹುಟ್ಟಿದವು. ಆಗ ತಾನೇ ಆಕ್ಷೇಪ ಎತ್ತಿಕೊಂಡ: ಫೈಬ್ರಿನ್ ಜೊತೆ ಜೆಮ್ಯೂಲ್‌ಗಳೂ ಹೊರಟುಹೋಗಿದ್ದರೆ? ಎರಡನೇ ಸುತ್ತಿನಲ್ಲಿ ಎರಡು ಮೊಲಗಳನ್ನು ಅಕ್ಕಪಕ್ಕ ಕಟ್ಟಿ, ಕುತ್ತಿಗೆಯ ಕೆರೊಟಿಡ್ ಅಪಧಮನಿಗಳನ್ನು ಬಿಡಿಸಿ, ಒಂದರ ಹೃದಯದ ಕಡೆಯ ತುದಿಯನ್ನು ಇನ್ನೊಂದರ ತಲೆಯ ಕಡೆಯ ತುದಿಗೆ ಚಿಕ್ಕ ನಳಿಕೆಯಿಂದ ಜೋಡಿಸಿದ. ಒಂದರ ಹೃದಯ ಒತ್ತಿದ ರಕ್ತ ಇನ್ನೊಂದರ ಮೈಗೆ, ಅದರದ್ದು ಇದಕ್ಕೆ. ರಕ್ತ ಹೊರಗಿನ ಗಾಳಿ ಕಾಣುವುದಿಲ್ಲ, ಏನನ್ನೂ ಸೋಸುವುದಿಲ್ಲ. 1870ರ ಮೇ ತಿಂಗಳಲ್ಲಿ ಒಂದು ಮರಿಯ ಮುಂಗಾಲಿನ ಪಾದ ಬೆಳ್ಳಗಿರುವುದು ಕಾಣಿಸಿದಾಗ ಗಾಲ್ಟನ್ ಹಿಗ್ಗಿ ಡಾರ್ವಿನ್‌ಗೆ ಪತ್ರ ಬರೆದ. ಆ ಹಿಗ್ಗು ನಿಲ್ಲಲಿಲ್ಲ, ಅಂಥ ಬಿಳಿ ಮಚ್ಚೆ ಶುದ್ಧ ಸಿಲ್ವರ್ ಗ್ರೇ ಮೊಲಗಳಲ್ಲೂ ಬರುತ್ತದೆ. ಒಟ್ಟು 80ಕ್ಕೂ ಹೆಚ್ಚು ಮರಿಗಳಲ್ಲಿ ಬೆರಕೆಯ ಗುರುತು ಒಂದರಲ್ಲೂ ಇರಲಿಲ್ಲ. 1871ರ ಮಾರ್ಚ್ 30ರಂದು ರಾಯಲ್ ಸೊಸೈಟಿಯ ಮುಂದೆ ಆತ ಓದಿದ ಪ್ರಬಂಧದ ತೀರ್ಮಾನ, ಪ್ಯಾನ್‌ಜೆನೆಸಿಸ್ ತಪ್ಪು ಎಂದಿತ್ತು.

ಡಾರ್ವಿನ್ ಮುಂದಿನ ತಿಂಗಳೇ 'ನೇಚರ್' ಪತ್ರಿಕೆಯಲ್ಲಿ ಪ್ರತಿಕ್ರಿಯಿಸಿದ. ನಾನು ರಕ್ತದ ಬಗ್ಗೆ ಒಂದು ಮಾತೂ ಆಡಿಲ್ಲ. ರಕ್ತವೇ ಇಲ್ಲದ ಸಸ್ಯಗಳಿಗೂ ಏಕಕೋಶ ಜೀವಿಗಳಿಗೂ ಇದು ಅನ್ವಯಿಸಬೇಕಲ್ಲ. ಹೈಪಾಥಿಸಿಸ್‌ಗೆ ಇನ್ನೂ ಮರಣದ ಏಟು ಬಿದ್ದಿಲ್ಲ, ಆದರೆ ಅದರಲ್ಲಿ ದುರ್ಬಲ ಜಾಗಗಳು ಎಷ್ಟಿವೆಯೆಂದರೆ ಅದರ ಜೀವ ಯಾವಾಗಲೂ ಅಪಾಯದಲ್ಲೇ ಇದೆ, ಎಂಬುದು ಅದರ ಸಾರ. ಮಾತು ನಿಜ, ಆದರೆ ಪೂರ್ತಿ ನ್ಯಾಯದ್ದಲ್ಲ. ಮೊದಲ ಮುದ್ರಣದಲ್ಲಿ ಆತ ಕಣಗಳು ಮೈಯೆಲ್ಲ 'ಮುಕ್ತವಾಗಿ ಪರಿಚಲಿಸುತ್ತವೆ' ಎಂದೇ ಬರೆದಿದ್ದ. 1875ರ ಎರಡನೇ ಮುದ್ರಣದಲ್ಲಿ ಅದನ್ನು 'ಹರಡಿಕೊಂಡಿರುತ್ತವೆ' ಎಂಬ ಅರ್ಥಕ್ಕೆ ತಿದ್ದಿದ. ಮೊಲಗಳ ಪ್ರಯೋಗಕ್ಕೆ ಆತನೂ ಕೈಜೋಡಿಸಿದ್ದ, ಫಲ ಸಿಗದೆ ಇಬ್ಬರೂ ತುಂಬ ನಿರಾಶರಾಗಿದ್ದಾರೆ ಎಂದು ಆತನ ಹೆಂಡತಿ ಎಮ್ಮಾ ಮಗಳಿಗೆ ಬರೆದಿದ್ದಳು.

ಪ್ರಯೋಗದ ದೃಷ್ಟಿಯಿಂದ ನೋಡಿದರೆ ಗಾಲ್ಟನ್‌ನ ಪರೀಕ್ಷೆಯಲ್ಲಿ ಎರಡು ಸಡಿಲಗಳಿವೆ. ಹೊರಗಿನ ರಕ್ತ ಮೊಲದ ಮೈಯಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಜೊತೆಗೆ ಡಾರ್ವಿನ್‌ನ ನಿಯಮದ ಪ್ರಕಾರವೇ ಅಂಡಾಶಯದಲ್ಲಿ ಮೊಲದ ಸ್ವಂತ ಜೆಮ್ಯೂಲ್‌ಗಳು ಮೊದಲೇ ತುಂಬಿಕೊಂಡಿರುತ್ತವೆ, ಹೊಸಬರಿಗೆ ಜಾಗವೆಲ್ಲಿ? ಹಾಗಾದರೆ ಬಲವಾದ ಪರೀಕ್ಷೆ ಯಾವುದು? ರಕ್ತವನ್ನು ಬದಲಿಸುವ ಬದಲು ಅಂಡಾಶಯವನ್ನೇ ಪರಕೀಯ ಮೈಯಲ್ಲಿ ತಿಂಗಳುಗಟ್ಟಲೆ ಇಡುವುದು. ಅದನ್ನು 1909ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಫಿಲಿಪ್ಸ್ ಮಾಡಿದರು. ಬಿಳಿ (ಆಲ್ಬಿನೊ) ಗಿನಿಪಿಗ್ ಒಂದರ ಅಂಡಾಶಯ ತೆಗೆದು, ಕಪ್ಪು ಗಿನಿಪಿಗ್‌ನ ಅಂಡಾಶಯ ಕಸಿ ಮಾಡಿ, ಬಿಳಿ ಗಂಡಿನ ಜೊತೆ ಬಿಟ್ಟರು. ಆಲ್ಬಿನೊಗಳೆರಡು ಕೂಡಿದರೆ ಬಿಳಿ ಮರಿ ಮಾತ್ರ ಹುಟ್ಟಬೇಕು. ಹುಟ್ಟಿದ್ದು ಆರು ಮರಿ, ಆರೂ ಕಪ್ಪು. ಬಿಳಿ ತಾಯಿಯ ಮೈಯೊಳಗೆ, ಅದರದ್ದೇ ಪೋಷಣೆಯಲ್ಲಿ ಬಲಿತ ಅಂಡಾಣುಗಳಿಗೆ ಬಿಳಿಯ ಸೋಂಕೂ ತಗುಲಿರಲಿಲ್ಲ. ಇದಕ್ಕೆ ಮುಂಚೆ, 1890ರಲ್ಲಿ, ವಾಲ್ಟರ್ ಹೀಪ್ ಎರಡು ಅಂಗೋರಾ ಭ್ರೂಣಗಳನ್ನು ಬೆಲ್ಜಿಯನ್ ಹೇರ್ ತಳಿಯ ಹೆಣ್ಣುಮೊಲದೊಳಗೆ ಇಟ್ಟಿದ್ದ. ಆರು ಮರಿಗಳಲ್ಲಿ ನಾಲ್ಕು ಬೆಲ್ಜಿಯನ್, ಎರಡು ಅಪ್ಪಟ ಅಂಗೋರಾ. ತರಗತಿಯಲ್ಲಿ ಒಂದೇ ಪ್ರಯೋಗ ಹೇಳಲು ಸಮಯವಿದ್ದರೆ ಬಾಲ ಕತ್ತರಿಸಿದ್ದನ್ನು ಬಿಟ್ಟು ಕ್ಯಾಸಲ್–ಫಿಲಿಪ್ಸ್ ಹೇಳಿ.

ಅಷ್ಟು ಹೊತ್ತಿಗೆ ಹೈಪಾಥಿಸಿಸ್ ಬೇರೆ ದಾರಿಯಿಂದ ಬಿದ್ದಾಗಿತ್ತು. 1875ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್, ಸೂಕ್ಷ್ಮದರ್ಶಕಕ್ಕೆ ಕಾಣುವ ಅತಿ ಚಿಕ್ಕ ಜೀವಿಯೊಳಗೆ ಹಿಡಿಸುವ ಸಾವಯವ ಅಣುಗಳು ಹತ್ತು ಲಕ್ಷಕ್ಕೆ ಮೀರಲಾರವು, ಅಷ್ಟರಲ್ಲಿ ಇಡೀ ಮೈಯ ಅಂಗಾಂಗಗಳ ಪ್ರತಿನಿಧಿಗಳು ಹಿಡಿಸುವುದು ಹೇಗೆ ಎಂದು ಲೆಕ್ಕ ಹಾಕಿ ಕೇಳಿದ. ಮರುವರ್ಷ ಹರ್ಟ್‌ವಿಗ್ ಕಡಲಚಿಳ್ಳೆಯ (ಸೀ ಅರ್ಚಿನ್) ಅಂಡದಲ್ಲಿ ಎರಡು ಕೋಶಕೇಂದ್ರಗಳು ಕೂಡುವುದನ್ನು ವಿವರಿಸಿದ. 1882ರಲ್ಲಿ ಫ್ಲೆಮಿಂಗ್ ಕೋಶವಿಭಜನೆಯಲ್ಲಿ ವರ್ಣತಂತುಗಳು ಉದ್ದಕ್ಕೆ ಸೀಳಿ ಹಂಚಿಹೋಗುವುದನ್ನೂ, 1883ರಲ್ಲಿ ವಾನ್ ಬೆನೆಡೆನ್ ಜಂತುಹುಳುವಿನಲ್ಲಿ ತಂದೆಯದು ಅರ್ಧ, ತಾಯಿಯದು ಅರ್ಧ ಬರುವುದನ್ನೂ ತೋರಿಸಿದರು. ಸಂತೆಯ ಚಿತ್ರ ಅಲ್ಲಿಗೆ ಮುಗಿಯಿತು. ಅಂಡಾಣು ಇನ್ನೊಂದು ಕೋಶದ ವಿಭಜನೆಯಿಂದ ಹುಟ್ಟುತ್ತದೆ, ಅದರೊಳಗಿನ ಸಾಮಗ್ರಿ ಸಾಲುಸಾಲಾಗಿ ಎಣಿಸುವಷ್ಟು ಅಚ್ಚುಕಟ್ಟಾಗಿದೆ, ಹೊರಗಿನಿಂದ ಯಾರೂ ಬಂದು ಸೇರುವುದು ಕಾಣುವುದಿಲ್ಲ. ವೈಸ್‌ಮನ್‌ನ ನಿಜವಾದ ಕೊಡುಗೆ ಇದರ ಮೇಲೆ ಕಟ್ಟಿದ ಜರ್ಮ್‌ಪ್ಲಾಸಮ್ ಸಿದ್ಧಾಂತ: ಅನುವಂಶೀಯ ಸಾಮಗ್ರಿ ಬೀಜಕೋಶಗಳ ಸಾಲಿನಲ್ಲೇ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ, ಮೈಯಿಂದ ಅದಕ್ಕೆ ಏನೂ ಸೇರುವುದಿಲ್ಲ. ಇಲಿಗಳದ್ದು ಅದರ ಪಕ್ಕದ ಸಣ್ಣ ಕೆಲಸ.

ಇನ್ನು ಡಾರ್ವಿನ್ ಸಾಕ್ಷಿಯಾಗಿ ನೆಚ್ಚಿಕೊಂಡಿದ್ದ ಸಂಗತಿಗಳು ಏನಾದವು? ಅವುಗಳಲ್ಲಿ ಮೂರನ್ನು ಹೇಳುತ್ತೇನೆ, ಏಕೆಂದರೆ ಮೂರೂ ಇಂದಿಗೂ ನಮ್ಮ ರೈತರ, ಪ್ರಾಣಿ ಸಾಕುವವರ ಪ್ರಶ್ನೆಗಳೇ.

ಮೊದಲನೆಯದು ಲಾರ್ಡ್ ಮಾರ್ಟನ್‌ನ ಹೆಣ್ಣುಕುದುರೆ. ಅರಬ್ ರಕ್ತ ಹೆಚ್ಚಿದ್ದ ಆ ಕುದುರೆಗೆ ಕ್ವಾಗ (ಈಗ ಅಳಿದುಹೋಗಿರುವ ಒಂದು ಬಗೆಯ ಜೀಬ್ರಾ) ಕೂಡಿಸಿ ಒಂದು ಬೆರಕೆ ಮರಿ ಪಡೆದಿದ್ದರು. ಆಮೇಲೆ ಕಪ್ಪು ಅರಬ್ ಗಂಡುಕುದುರೆಯಿಂದ ಹುಟ್ಟಿದ ಮರಿಗಳ ಮೈಮೇಲೂ ಪಟ್ಟೆ ಕಾಣಿಸಿದವು. 1821ರಲ್ಲಿ ಇದು ರಾಯಲ್ ಸೊಸೈಟಿಯ ಪ್ರಕಟಣೆಯಲ್ಲಿ ಬಂತು. ಮೊದಲ ಗಂಡಿನ ಗುರುತು ಹೆಣ್ಣಿನಲ್ಲಿ ಉಳಿದುಬಿಡುತ್ತದೆ ಎಂಬ ಟೆಲಿಗೊನಿ ನಂಬಿಕೆಗೆ ಇದೇ ಆಧಾರ. ಸ್ಕಾಟ್ಲೆಂಡಿನ ಪೆನಿಕ್ವಿಕ್‌ನಲ್ಲಿ ಕಾಸರ್ ಯೂವಾರ್ಟ್ 1890ರ ದಶಕದಲ್ಲಿ ಜೀಬ್ರಾ ಗಂಡಿನಿಂದ ಹಲವು ಹೆಣ್ಣುಕುದುರೆಗಳಿಗೆ ಮರಿ ಮಾಡಿಸಿ, ಅವೇ ಹೆಣ್ಣುಗಳನ್ನು ಮತ್ತೆ ಕುದುರೆಗಳಿಗೆ ಕೂಡಿಸಿ ನೋಡಿದ. ಜೀಬ್ರಾದ ಗುರುತು ಉಳಿದಿರಲಿಲ್ಲ. ಮಸುಕು ಪಟ್ಟೆ ಜೀಬ್ರಾ ಕಂಡೇ ಇರದ ಕುದುರೆಗಳ ಮರಿಗಳಲ್ಲೂ ಬರುತ್ತದೆ. ಆಶ್ಚರ್ಯವೆಂದರೆ ಡಾರ್ವಿನ್‌ಗೆ ಇದು ಗೊತ್ತಿತ್ತು: ನಮ್ಮ ಕಾಠಿಯಾವಾಡದ ಕುದುರೆಗಳಲ್ಲಿ ಪಟ್ಟೆ ಎಷ್ಟು ಸಾಮಾನ್ಯವೆಂದರೆ ಪಟ್ಟೆಯಿಲ್ಲದ್ದನ್ನು ಶುದ್ಧ ತಳಿಯೆಂದು ಅಲ್ಲಿಯವರು ಒಪ್ಪುವುದಿಲ್ಲ ಎಂದು 1859ರ ಗ್ರಂಥದಲ್ಲಿ ಆತನೇ ಬರೆದಿದ್ದ. ನಾಯಿ ಸಾಕುವವರು ಈ ಪ್ರಶ್ನೆ ಕೇಳಿದರೆ ಇಷ್ಟು ಹೇಳಿ: ಒಂದೇ ಬೆದೆಯಲ್ಲಿ ಎರಡು ಗಂಡು ಕೂಡಿದರೆ ಒಂದೇ ಸೂಲಿನಲ್ಲಿ ಎರಡು ತಂದೆಯರ ಮರಿಗಳು ಹುಟ್ಟಬಹುದು. ಗಂಡಿನ ವೀರ್ಯಾಣು ಹೆಣ್ಣುನಾಯಿಯೊಳಗೆ ಹಲವು ದಿನ ಬದುಕಿರುವುದರಿಂದ ತಂದೆ ಯಾರೆಂದು ತಪ್ಪು ತಿಳಿಯುವುದು ಸುಲಭ. ಮುಂದಿನ ಬೆದೆಗೆ ಏನೂ ಉಳಿಯುವುದಿಲ್ಲ.

ಎರಡನೆಯದು ಕಸಿ. 1825ರಲ್ಲಿ ಪ್ಯಾರಿಸ್ ಬಳಿಯ ಆಡಮ್ ಎಂಬ ನರ್ಸರಿಗಾರ ಹಳದಿ ಹೂವಿನ ಲ್ಯಾಬರ್ನಮ್ ಮೇಲೆ ನೇರಳೆ ಹೂವಿನ ಬ್ರೂಮ್ ಪೊದೆಯ ಕಸಿ ಕಟ್ಟಿದಾಗ, ಒಂದೇ ಮರದಲ್ಲಿ ಹಳದಿ, ನೇರಳೆ ಮತ್ತು ಎರಡರ ನಡುವಿನ ಹೂ ಬಿಡುವ ಗಿಡ ಬಂತು. ಜೆಮ್ಯೂಲ್‌ಗಳು ಕಸಿಯ ಮೂಲಕ ಬೆರೆತಿವೆ ಎಂದು ಡಾರ್ವಿನ್ ತಿಳಿದ. 20ನೇ ಶತಮಾನದ ಆರಂಭದಲ್ಲಿ ಗೊತ್ತಾಗಿದ್ದು ಬೇರೆ. ಆ ಗಿಡದ ಹೊರಪದರದ ಕೋಶಗಳು ಬ್ರೂಮ್‌ನವು, ಒಳಗಿನವು ಲ್ಯಾಬರ್ನಮ್‌ನವು. ಅಂಗಿ ತೊಟ್ಟಂತೆ ಒಂದರ ಮೇಲೊಂದು ಇವೆ, ಬೆರೆತಿಲ್ಲ. ಮಾವಿನಲ್ಲೂ ಹೀಗೇ. ನಾಟಿ ಬುಡಕ್ಕೆ ಆಪೂಸ್ ಕಸಿ ಕಟ್ಟಿದರೆ ಬುಡವು ಮರದ ಎತ್ತರ, ಬೆಳವಣಿಗೆಯ ವೇಗ, ರೋಗ ತಾಳುವ ಶಕ್ತಿಯ ಮೇಲೆ ಪರಿಣಾಮ ಬೀರಬಹುದು, ಹಣ್ಣು ಮಾತ್ರ ಆಪೂಸೇ. 2009ರಲ್ಲಿ ತಂಬಾಕು ಗಿಡಗಳ ಕಸಿಯ ಗಾಯದ ಜಾಗದಲ್ಲಿ ಪ್ಲಾಸ್ಟಿಡ್‌ನ (ಸಸ್ಯಕೋಶದಲ್ಲಿ ಹರಿತ್ತು ಮುಂತಾದವು ಇರುವ ಪುಟ್ಟ ಭಾಗ) ಜೀನ್‌ಗಳು ಆಚೀಚೆ ದಾಟಿದ್ದು ನಿಜ. ಆದರೆ ಅದು ಕೂಡುವ ಗೆರೆಯಲ್ಲಷ್ಟೇ, ಗಿಡವೆಲ್ಲ ಹರಡಲಿಲ್ಲ. ಕಸಿಯಿಂದ ತಳಿ ಬದಲಾಗುತ್ತದೆ ಎಂದು ಹಟ ಹಿಡಿದ ಲೈಸೆಂಕೊ ಸೋವಿಯತ್ ಒಕ್ಕೂಟದಲ್ಲಿ ತಳಿಶಾಸ್ತ್ರವನ್ನೇ ದಮನ ಮಾಡಿಸಿದ್ದು ಇದೇ ಹಳೆಯ ತಪ್ಪಿನ ದುಬಾರಿ ಆವೃತ್ತಿ.

ಮೂರನೆಯದು ಮೆಕ್ಕೆಜೋಳ. ಬಿಳಿ ಕಾಳಿನ ತೆನೆಯ ಮೇಲೆ ಹಳದಿ ತಳಿಯ ಪರಾಗ ಬಿದ್ದರೆ ಅದೇ ಬೆಳೆಯಲ್ಲಿ, ಅದೇ ತೆನೆಯಲ್ಲಿ ಹಳದಿ ಕಾಳು ಕಾಣುತ್ತವೆ. ಪರಾಗ ತಾಯಿಯ ಮೈಯನ್ನೇ ಬದಲಿಸಿತು ಎಂದು ಅನ್ನಿಸುವುದು ಸಹಜ. 1898–99ರಲ್ಲಿ ನವಾಶಿನ್ ಮತ್ತು ಗಿನ್ಯಾರ್ ಇಮ್ಮಡಿ ನಿಷೇಚನವನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿಕೊಂಡಿತು. ಕಾಳಿನ ಹಿಟ್ಟಿನ ಭಾಗ (ಎಂಡೋಸ್ಪರ್ಮ್) ತಾಯಿಯ ಅಂಗವಲ್ಲ, ಅದಕ್ಕೂ ಪರಾಗದಿಂದ ಒಂದು ಕೋಶಕೇಂದ್ರ ಹೋಗಿ ಸೇರುತ್ತದೆ. ಸಿಹಿಜೋಳ ಬೆಳೆಯುವವರು ಬೇರೆ ಜೋಳದ ಹೊಲದಿಂದ ದೂರ ಇಡಬೇಕು, ಇಲ್ಲವೇ ಹೂ ಬಿಡುವ ಕಾಲ ಬೇರೆಯಾಗುವಂತೆ ಬಿತ್ತಬೇಕು ಎನ್ನುವುದಕ್ಕೆ ಕಾರಣವೂ ಇದೇ.

ಈ ಮೂರರಲ್ಲೂ ನೋಡಿದ್ದು ಸುಳ್ಳಲ್ಲ, ಒಂದೊಂದರ ಕಾರಣ ಒಂದೊಂದು. ಎಲ್ಲಕ್ಕೂ ಒಂದೇ ಕಾರಣ ಕೊಡಲು ಹೊರಟಿದ್ದೇ ಎಡವಟ್ಟಾಯಿತು. ಬಾಲ ಕತ್ತರಿಸಿದರೂ ಬಾಲ ಬಂದರೆ ಹಳೆಯ ಜೆಮ್ಯೂಲ್, ಬಾಲ ಬಾರದಿದ್ದರೆ ಕಡಿಮೆಯಾದ ಜೆಮ್ಯೂಲ್, ಮೊಮ್ಮಗನಲ್ಲಿ ಕಂಡರೆ ಮಲಗಿದ್ದ ಜೆಮ್ಯೂಲ್. ಯಾವ ಫಲಿತಾಂಶ ಬಂದರೂ ಅದು ಒಪ್ಪಿಕೊಳ್ಳುತ್ತದೆ. ಮೆಂಡೆಲ್‌ನ ಲೆಕ್ಕ ಹಾಗಲ್ಲ, ನಾಲ್ಕಕ್ಕೊಂದು ಬಾರದಿದ್ದರೆ ಅದು ಸಿಕ್ಕಿಬೀಳುತ್ತದೆ.

ಈಗ ವಿಡಿಯೊಗಳ ಮಾತು. ಅವುಗಳಲ್ಲಿ ಹೇಳುವ ಪ್ರಯೋಗಗಳು ಬಹುಪಾಲು ನಿಜ. ಗಂಡು ಇಲಿಗೆ ಪ್ರೋಟೀನ್ ಕಡಿಮೆಯಾದ ಆಹಾರ ಕೊಟ್ಟರೆ ಅದರ ವೀರ್ಯಾಣುವಿನ ಸಣ್ಣ ಆರ್‌ಎನ್‌ಎಗಳ ಪ್ರಮಾಣ ಬದಲಾಗುತ್ತದೆ ಎಂದು 2016ರಲ್ಲಿ ತೋರಿಸಲಾಯಿತು. ವೀರ್ಯಾಣು ಬಲಿಯುವ ಎಪಿಡಿಡಿಮಿಸ್ ನಾಳದ ಕೋಶಗಳು ಪುಟ್ಟ ಚೀಲಗಳಲ್ಲಿ ಅವನ್ನು ಅದಕ್ಕೆ ದಾಟಿಸುತ್ತವೆ. ಸಿ. ಎಲೆಗನ್ಸ್ ಎಂಬ ಹುಳುವಿನ ನರಕೋಶಗಳಲ್ಲಿ ಹುಟ್ಟಿಸಿದ ಜೋಡಿ ಎಳೆಯ ಆರ್‌ಎನ್‌ಎ ಅದರ ಬೀಜಕೋಶಗಳನ್ನು ತಲುಪಿ ಮುಂದಿನ ತಲೆಮಾರುಗಳಲ್ಲೂ ಜೀನ್ ಒಂದನ್ನು ಮೌನಗೊಳಿಸಬಲ್ಲದು ಎಂದು 2015ರಲ್ಲಿ ವರದಿಯಾಗಿದೆ. ಮೈಯಿಂದ ಬೀಜಕ್ಕೆ ಯಾವ ಸುದ್ದಿಯೂ ಹೋಗುವುದೇ ಇಲ್ಲ ಎಂದು ಬೋರ್ಡಿನ ಮೇಲೆ ಬರೆದ ಗೆರೆಯನ್ನು ಸ್ವಲ್ಪ ತಿದ್ದಬೇಕು ಎಂಬುದನ್ನು ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಳ್ಳಿ.

ಆದರೆ ಇದು ಪ್ಯಾನ್‌ಜೆನೆಸಿಸ್ ಅಲ್ಲ. ಮಕ್ಕಳಿಗೆ ಮೂರು ಪ್ರಶ್ನೆ ಹಾಕಿ. ಆ ಕಣ ಮೈಯ ಪ್ರತಿ ಕೋಶದಿಂದಲೂ ಬರುತ್ತದೆಯೇ? ಯಕೃತ್ತಿನಿಂದ ಬಂದದ್ದು ಮಗುವಿನಲ್ಲಿ ಯಕೃತ್ತನ್ನೇ ಕಟ್ಟುತ್ತದೆಯೇ? ಅಂಡದಲ್ಲಿರುವ ಅನುವಂಶೀಯ ಸಾಮಗ್ರಿಯೆಲ್ಲ ಅಂಥ ಕಣಗಳಿಂದಲೇ ಆಗಿದೆಯೇ? ಡಾರ್ವಿನ್ ಮೂರಕ್ಕೂ ಹೌದು ಎನ್ನುತ್ತಿದ್ದ. ಈಗಿನ ಪ್ರಯೋಗಗಳಲ್ಲಿ ಮೂರಕ್ಕೂ ಇಲ್ಲ. ಆ ಆರ್‌ಎನ್‌ಎ, ಮೊದಲೇ ಇರುವ ಡಿಎನ್‌ಎಯ ಕೆಲವು ಜೀನ್‌ಗಳು ಎಷ್ಟು ಕೆಲಸ ಮಾಡಬೇಕು ಎಂಬುದನ್ನು ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೇ. ಅದರ ಮೇಲೆ ಸಸ್ತನಿಗಳಲ್ಲಿ ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳು (ಜೀನ್‌ಗಳನ್ನು ಮೌನಗೊಳಿಸಬಲ್ಲ ಪುಟ್ಟ ರಾಸಾಯನಿಕ ಗುರುತುಗಳು) ಎರಡು ಸಲ ಬಹುಮಟ್ಟಿಗೆ ಅಳಿಸಿಹೋಗುತ್ತವೆ: ಭ್ರೂಣದ ಮೊದಲ ದಿನಗಳಲ್ಲಿ ಒಮ್ಮೆ, ಬೀಜಕೋಶಗಳು ರೂಪುಗೊಳ್ಳುವಾಗ ಇನ್ನೊಮ್ಮೆ. ಹಾಗಾಗಿ ಇಂಥ ಪರಿಣಾಮಗಳು ಸಾಮಾನ್ಯವಾಗಿ ಕೆಲವೇ ತಲೆಮಾರಿಗೆ ಮಾಸುತ್ತವೆ.

ಸಸ್ಯಗಳಲ್ಲಿ ಗುರುತು ಹೆಚ್ಚು ಕಾಲ ನಿಲ್ಲುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮನ್ನು ಅದೇ ತುಟಿಯಿಲ್ಲದ ಹೂವಿನ ಹತ್ತಿರ ತರುತ್ತದೆ. ಆಂಟಿರೈನಮ್‌ನ ಹತ್ತಿರದ ಬಂಧು ಟೋಡ್‌ಫ್ಲಾಕ್ಸ್‌ನ ಪೆಲೋರಿಕ್ ಗಿಡವೊಂದನ್ನು ಲಿನೀಯಸ್ 1744ರಲ್ಲೇ ವರ್ಣಿಸಿದ್ದ. 1999ರಲ್ಲಿ ಅಂಥ ಗಿಡದ ಸೈಕ್ಲಾಯ್ಡಿಯ ಬಗೆಯ ಜೀನ್ (ಹೂವಿಗೆ ತುಟಿ ಕೊಡುವುದು ಅದು) ಪರೀಕ್ಷಿಸಿದಾಗ ಡಿಎನ್‌ಎ ಅಕ್ಷರಗಳಲ್ಲಿ ಅದಕ್ಕೆ ತಕ್ಕ ಬದಲಾವಣೆ ಸಿಗಲಿಲ್ಲ, ಜೀನ್ ಮೀಥೈಲ್ ಗುರುತುಗಳಿಂದ ಮುಚ್ಚಿಹೋಗಿತ್ತು. ಗುರುತು ಸಡಿಲವಾದ ಕೊಂಬೆಗಳಲ್ಲಿ ಸಾಮಾನ್ಯ ಹೂವಿನ ಲಕ್ಷಣ ಮರಳುವುದೂ ಕಂಡಿತು. ಒಂದೇ ಕೊಂಬೆಯಲ್ಲಿ ಬೇರೆ ಥರದ ಹೂ ಬಿಡುತ್ತದೆ ಎಂದು ಡಾರ್ವಿನ್ ಪಟ್ಟಿ ಮಾಡಿದ್ದಕ್ಕೆ ಇದೂ ಒಂದು ವಿವರಣೆಯಾಗಬಹುದು, ಎಸಳಿನಿಂದ ಯಾವ ಕಣವೂ ಹೊರಡಬೇಕಿಲ್ಲ.

ಹೆಸರಿನ ಒಂದು ಸಂಗತಿಯನ್ನೂ ಸೇರಿಸಿಕೊಳ್ಳಿ. ಹ್ಯೂಗೊ ಡಿ ವ್ರೀಸ್ 1889ರಲ್ಲಿ ಡಾರ್ವಿನ್‌ನ ಕಣಗಳನ್ನು ಉಳಿಸಿಕೊಂಡು ಪಯಣವನ್ನು ಕಿತ್ತುಹಾಕಿದ: ಅವು ಕೋಶಕೇಂದ್ರದಿಂದ ಅದೇ ಕೋಶದ ಉಳಿದ ಭಾಗಕ್ಕೆ ಮಾತ್ರ ಹೋಗುತ್ತವೆ, ಕೋಶದ ಹೊರಗೆ ಹೋಗುವುದಿಲ್ಲ ಎಂದ. ಅವಕ್ಕೆ 'ಪ್ಯಾಂಜೀನ್' ಎಂದು ಕರೆದ. 1909ರಲ್ಲಿ ಯೋಹಾನ್ಸೆನ್ ಅದರ ಮುಂದಿನ ತುಂಡು ಬಿಟ್ಟು 'ಜೀನ್' ಎಂದ.

ತರಗತಿಯ ಅಭ್ಯಾಸಕ್ಕೆ ಡಾರ್ವಿನ್‌ನ ಅಂಕಿಗಳನ್ನೇ ಕೊಡಿ. ನಡುವಿನ 2 ಗಿಡ ಬಿಟ್ಟರೆ 125 ಉಳಿಯುತ್ತವೆ. 3:1 ಎಂದಾದರೆ ನಿರೀಕ್ಷಿತ ಸಂಖ್ಯೆ 93.75 ಮತ್ತು 31.25, ಕಂಡದ್ದು 88 ಮತ್ತು 37. ವ್ಯತ್ಯಾಸ 5.75, ಅದರ ವರ್ಗ 33.06. ಅದನ್ನು 93.75ರಿಂದ ಭಾಗಿಸಿದರೆ 0.35, 31.25ರಿಂದ ಭಾಗಿಸಿದರೆ 1.06, ಒಟ್ಟು ಕೈ-ವರ್ಗ (ಕಂಡದ್ದು ನಿರೀಕ್ಷಿತಕ್ಕಿಂತ ಎಷ್ಟು ದೂರ ಎಂದು ಅಳೆಯುವ ಬೆಲೆ) 1.41. ಒಂದು ಸ್ವಾತಂತ್ರ್ಯ ಮಟ್ಟಕ್ಕೆ ಶೇ 5ರ ಮಿತಿ 3.84, ಆದ್ದರಿಂದ 3:1 ಒಪ್ಪಬಹುದು. ಆ 2 ಗಿಡಗಳನ್ನು ಸಾಮಾನ್ಯದ ಕಡೆ ಸೇರಿಸಿ 90 ಮತ್ತು 37 ಎಂದು ಮಾಡಿದರೂ ಬೆಲೆ 1.16. ಎರಡೂ ರೀತಿ ಮಾಡಿಸಿ. ಮೊದಲು ಮಕ್ಕಳು ಲೆಕ್ಕ ಮಾಡಲಿ, ಈ ಗಿಡಗಳನ್ನು ಬೆಳೆಸಿದವರು ಯಾರೆಂದು ಆಮೇಲೆ ಹೇಳಿ.